ಯೋಸೆಫ್ ಬಾಯ್ಸ್ ಮತ್ತು ಏಳು ಸಾವಿರ ಮರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಕಲಾವಿದ ಯೋಸೆಫ್ ಬಾಯ್ಸ್ ಹೆಸರು ಕೇಳಿದವರಲ್ಲಿ ಕೆಲವರಿಗೆ ಸತ್ತ ಮೊಲ ನೆನಪಾಗುತ್ತದೆ. ಕೆಲವರಿಗೆ ಕೊಬ್ಬು ಮೆತ್ತಿದ ಕುರ್ಚಿ. ಇನ್ನು ಕೆಲವರಿಗೆ ಕಾಸೆಲ್ ಊರಿನ ಮರಗಳು. ಇವೆಲ್ಲ ಒಬ್ಬರದೇ ಕೆಲಸ ಅಂದರೆ ನಂಬೋದು ಕಷ್ಟ. ಅವರ ಬಗ್ಗೆ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಮರಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಅವರ ಕೆಲಸಗಳಲ್ಲೆಲ್ಲ ಅದೇ ದೊಡ್ಡದು ಅಂತ ನನ್ನ ನಂಬಿಕೆ.

ಯೋಸೆಫ್ ಬಾಯ್ಸ್ ಯಾರು? ನಾಲ್ಕು ಮಾತಲ್ಲಿ ಹೇಳಿ.

ಹುಟ್ಟಿದ್ದು 1921ರ ಮೇ 12ರಂದು, ಜರ್ಮನಿಯ ಕ್ರೆಫೆಲ್ಡ್‌ನಲ್ಲಿ. ತೀರಿಕೊಂಡದ್ದು 1986ರ ಜನವರಿ 23ರಂದು, ಡಸೆಲ್ಡಾರ್ಫ್‌ನಲ್ಲಿ. ಶಿಲ್ಪಿ, ಚಿತ್ರಕಾರ, ಮೇಷ್ಟ್ರು, ರಾಜಕೀಯ ಕಾರ್ಯಕರ್ತ, ಎಲ್ಲವೂ ಆಗಿದ್ದರು. ತಲೆ ಮೇಲೆ ಫೆಲ್ಟ್ (ಒತ್ತಿದ ಉಣ್ಣೆ) ಟೋಪಿ, ಮೈಮೇಲೆ ಮೀನು ಹಿಡಿಯುವವರು ಹಾಕುವ ಹಲವು ಜೇಬಿನ ಜಾಕೆಟ್ಟು. ಯಾವ ಫೋಟೋದಲ್ಲಿ ನೋಡಿದರೂ ಹೀಗೇ ಕಾಣುತ್ತಾರೆ. ಎರಡನೇ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಇವರಷ್ಟು ಚರ್ಚೆಗೆ ಕಾರಣವಾದ ಕಲಾವಿದ ಇನ್ನೊಬ್ಬರು ಸಿಗುವುದು ಕಷ್ಟ.

ಅವರನ್ನು ಪರಿಸರ ಕಲಾವಿದ ಅಂತ ಕರೆಯೋದು ಸರಿನಾ?

ಸರಿ. ಆದರೆ ಅಷ್ಟೇ ಅಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಕಾಡಿನಲ್ಲಿ ಎಲೆ, ಕಡ್ಡಿ, ಹೂವು ಜೋಡಿಸಿ ಸುಂದರ ಆಕಾರ ಮಾಡಿ ಫೋಟೋ ತೆಗೆಯುವ ಕಲಾವಿದರಿದ್ದಾರೆ. ಬಾಯ್ಸ್ ಆ ದಾರಿಯವರಲ್ಲ. ಅವರಿಗೆ ಪರಿಸರದ ಪ್ರಶ್ನೆ, ಊರನ್ನು ಯಾರು ಹೇಗೆ ನಡೆಸುತ್ತಾರೆ ಎನ್ನುವ ಪ್ರಶ್ನೆಯಿಂದ ಬೇರೆಯಾಗಿರಲಿಲ್ಲ. ಮರ ನೆಡುವುದು, ಮತ ಹಾಕುವುದು, ಪಾಠ ಮಾಡುವುದು, ಶಿಲ್ಪ ಮಾಡುವುದು, ಇವೆಲ್ಲ ಒಂದೇ ಕೆಲಸದ ಭಾಗಗಳು ಅಂತ ಅವರು ಕೊನೆವರೆಗೂ ಹೇಳಿದರು.

ಬಾಲ್ಯ ಹೇಗಿತ್ತು?

ಬೆಳೆದದ್ದು ನೆದರ್ಲೆಂಡ್ಸ್ ಗಡಿ ಹತ್ತಿರದ ಕ್ಲೇವೆ ಊರಲ್ಲಿ. ಸುತ್ತ ರೈನ್ ನದಿಯ ತಗ್ಗುಭೂಮಿ, ಹೊಲ, ಹಸು, ಕುರಿ. ಗಿಡ, ಪ್ರಾಣಿಗಳ ಬಗ್ಗೆ ಚಿಕ್ಕಂದಿನಿಂದ ಆಸಕ್ತಿ. 1933ರಲ್ಲಿ ನಾಜಿಗಳು ಪುಸ್ತಕ ಸುಟ್ಟಾಗ ರಾಶಿಯಿಂದ ಲಿನೇಯಸ್ ಅವರ ಜೀವಿಗಳ ವರ್ಗೀಕರಣದ ಪುಸ್ತಕ ಎತ್ತಿಕೊಂಡೆ ಅಂತ ಮುಂದೆ ಹೇಳಿಕೊಂಡರು. ಆ ಕಾಲದ ಹುಡುಗರಂತೆ ಹಿಟ್ಲರ್ ಯುವದಳದಲ್ಲೂ ಇದ್ದರು. 1941ರಲ್ಲಿ ತಾವಾಗಿಯೇ ವಾಯುಪಡೆ ಸೇರಿದರು. ಅಲ್ಲಿ ರೇಡಿಯೋ ಆಪರೇಟರ್ ಕೆಲಸ ಕಲಿಸಿದವರು ಹೈಂಜ್ ಜೀಲ್‌ಮನ್. ಈ ಜೀಲ್‌ಮನ್ ಯುದ್ಧ ಮುಗಿದ ಮೇಲೆ ವನ್ಯಜೀವಿ ಸಿನಿಮಾ ತೆಗೆದು ಜರ್ಮನಿಯಲ್ಲಿ ಮನೆಮಾತಾದರು. ಬಂದೂಕಿನ ನಡುವೆಯೂ ಗುರು ಶಿಷ್ಯರಿಬ್ಬರಿಗೂ ಜೀವಶಾಸ್ತ್ರದ ಹುಚ್ಚು ಇತ್ತು.

ವಿಮಾನ ಬಿದ್ದಾಗ ತಾತಾರರು ಕೊಬ್ಬು ಹಚ್ಚಿ, ಫೆಲ್ಟ್‌ನಲ್ಲಿ ಸುತ್ತಿ ಬದುಕಿಸಿದರಂತೆ. ನಿಜವಾ?

ವಿಮಾನ ಬಿದ್ದದ್ದು ನಿಜ. ಉಳಿದದ್ದು ಅವರು ಕಟ್ಟಿದ ಕಥೆ.

1944ರ ಮಾರ್ಚ್ 16ರಂದು ಬಾಯ್ಸ್ ಇದ್ದ ಯುದ್ಧವಿಮಾನ ಕ್ರೈಮಿಯಾದಲ್ಲಿ ಬಿತ್ತು. ಪೈಲಟ್ ಸತ್ತರು. ಬಾಯ್ಸ್ ಗಾಯಗೊಂಡು ಬದುಕಿದರು. ಅಲ್ಲಿನ ತಾತಾರ ಜನಾಂಗದ ಅಲೆಮಾರಿಗಳು ತನ್ನನ್ನು ಹಿಮದಲ್ಲಿ ಕಂಡು, ಮೈಗೆ ಪ್ರಾಣಿಕೊಬ್ಬು ಸವರಿ, ಫೆಲ್ಟ್ ಹೊದಿಸಿ ಹಲವು ದಿನ ಆರೈಕೆ ಮಾಡಿದರು ಅಂತ ಬಾಯ್ಸ್ ಹೇಳುತ್ತಿದ್ದರು. ದಾಖಲೆ ಹೇಳುವುದೇ ಬೇರೆ. ಜರ್ಮನ್ ಸೇನೆಯ ಹುಡುಕು ತಂಡವೇ ಅವರನ್ನು ಎತ್ತಿಕೊಂಡು ಬಂತು. ಮಾರನೇ ದಿನ, ಅಂದರೆ ಮಾರ್ಚ್ 17ಕ್ಕೆ, ಅವರು ಸೇನಾ ಆಸ್ಪತ್ರೆಯಲ್ಲಿದ್ದರು. ಏಪ್ರಿಲ್ 7ರವರೆಗೆ ಅಲ್ಲೇ ಇದ್ದರು.

ಇದನ್ನು ಮುಚ್ಚಿಡಬಾರದು. ಈಗಲೂ ಎಷ್ಟೋ ಬರಹಗಳು ತಾತಾರರ ಕಥೆಯನ್ನು ನಡೆದ ಘಟನೆಯಂತೆ ಬರೆಯುತ್ತವೆ. ಕಥೆ ಚೆನ್ನಾಗಿದೆ, ಕಲೆಗೆ ಹೊಂದುತ್ತದೆ. ಆದರೆ ಹಿಟ್ಲರ್‌ನ ವಾಯುಪಡೆಯಲ್ಲಿದ್ದ ಸೈನಿಕನೊಬ್ಬ ಆ ಕಥೆಯಲ್ಲಿ ಬರೀ ಗಾಯಾಳು ಆಗಿಬಿಡುತ್ತಾನೆ. ಅದೇ ತೊಂದರೆ. ವಿಮರ್ಶಕರು 1980ರ ಹೊತ್ತಿಗೇ ಈ ಮಾತನ್ನು ಖಾರವಾಗಿ ಎತ್ತಿದ್ದರು. ಅವರು ಎತ್ತಿದ್ದು ನ್ಯಾಯವಾಗಿಯೇ ಇತ್ತು.

ಯುದ್ಧ ಮುಗಿದ ಮೇಲೆ?

ಕೆಲವು ತಿಂಗಳು ಬ್ರಿಟಿಷರ ಸೆರೆ. ಆಮೇಲೆ ಡಸೆಲ್ಡಾರ್ಫ್ ಕಲಾ ಅಕಾಡೆಮಿಯಲ್ಲಿ ಶಿಲ್ಪಿ ಎವಾಲ್ಡ್ ಮಟಾರೆ ಅವರ ಬಳಿ ಕಲಿಕೆ. 1950ರ ದಶಕದ ನಡುವೆ ಮನಸ್ಸು ತೀರಾ ಕುಸಿಯಿತು. ಆಗ ಕೈ ಹಿಡಿದವರು ಫಾನ್ ಡೆರ್ ಗ್ರಿಂಟೆನ್ ಕುಟುಂಬ. ಕ್ಲೇವೆ ಹತ್ತಿರ ಅವರದ್ದು ಹೊಲಮನೆ. 1957ರಲ್ಲಿ ಬಾಯ್ಸ್ ಅಲ್ಲಿ ಉಳಿದು ಹೊಲದ ಕೆಲಸ ಮಾಡಿದರು, ಚಿತ್ರ ಬರೆದರು, ನಿಧಾನವಾಗಿ ಚೇತರಿಸಿಕೊಂಡರು. ಆ ಮನೆಯ ಅಣ್ಣತಮ್ಮಂದಿರು ಕೂಡಿಟ್ಟ ಚಿತ್ರಗಳೇ ಈಗ ಮೊಯ್ಲಾಂಡ್ ಕೋಟೆಯ ಸಂಗ್ರಹಾಲಯದಲ್ಲಿವೆ. 1959ರಲ್ಲಿ ಎವಾ ಅವರನ್ನು ಮದುವೆಯಾದರು. ಇಬ್ಬರು ಮಕ್ಕಳು. 1961ರಲ್ಲಿ ತಾನು ಕಲಿತ ಅಕಾಡೆಮಿಯಲ್ಲೇ ಪ್ರೊಫೆಸರ್ ಆದರು.

ಕೊಬ್ಬು, ಫೆಲ್ಟ್, ಜೇನುತುಪ್ಪ ಎಲ್ಲ ಯಾಕೆ?

ಕಲ್ಲು, ಕಂಚು ಒಮ್ಮೆ ಆಕಾರಕ್ಕೆ ಬಂದರೆ ಹಾಗೇ ನಿಲ್ಲುತ್ತವೆ. ಕೊಬ್ಬು ಹಾಗಲ್ಲ. ಬಿಸಿಯಾದರೆ ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಫೆಲ್ಟ್ ಅಂದರೆ ಉಣ್ಣೆ, ಕೂದಲು ಒತ್ತಿ ಮಾಡಿದ ದಪ್ಪ ಬಟ್ಟೆ, ಬಿಸಿಯನ್ನು ಹಿಡಿದಿಡುತ್ತದೆ. ಬಾಯ್ಸ್‌ಗೆ ಬೇಕಿದ್ದದ್ದು ಬದಲಾಗುವ ಶಿಲ್ಪ. 1977ರಲ್ಲಿ ಕಾಸೆಲ್‌ನ ಪ್ರದರ್ಶನದಲ್ಲಿ ಸುಮಾರು ಎರಡು ಟನ್ ಜೇನುತುಪ್ಪವನ್ನು ಪಂಪ್ ಮಾಡಿ, ಪೈಪುಗಳಲ್ಲಿ ಇಡೀ ಕಟ್ಟಡದ ಉದ್ದಕ್ಕೂ ಹರಿಸಿದರು. ಮೈಯಲ್ಲಿ ರಕ್ತ ಹರಿದಂತೆ. ಆ ಪೈಪುಗಳು ಹಾದುಹೋದ ಕೋಣೆಯಲ್ಲೇ ನೂರು ದಿನ ಚರ್ಚೆ ನಡೆಯಿತು. ಅಣುಶಕ್ತಿಯೂ ಚರ್ಚೆಯ ವಿಷಯಗಳಲ್ಲಿ ಒಂದು.

ಮರಗಳ ಕೆಲಸ ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು. ಬದಲಾಗುವ ವಸ್ತುವಿನ ಹುಡುಕಾಟ ಕೊಬ್ಬಿನಿಂದ ಶುರುವಾಗಿ ಮರಕ್ಕೆ ಬಂದು ತಲುಪಿತು.

ಸತ್ತ ಮೊಲಕ್ಕೆ ಚಿತ್ರ ವಿವರಿಸಿದ್ದು ಇವರೇನಾ?

ಇವರೇ. 1965ರ ನವೆಂಬರ್‌ನಲ್ಲಿ, ಡಸೆಲ್ಡಾರ್ಫ್‌ನ ಗ್ಯಾಲರಿ ಶ್ಮೇಲಾದಲ್ಲಿ. ಮುಖಕ್ಕೆ ಜೇನು ಬಳಿದು, ಚಿನ್ನದ ರೇಕು ಅಂಟಿಸಿಕೊಂಡು, ಸತ್ತ ಮೊಲವನ್ನು ಮಗುವಿನಂತೆ ಎತ್ತಿಕೊಂಡು, ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಅದಕ್ಕೆ ಪಿಸುಮಾತಲ್ಲಿ ವಿವರಿಸಿದರು. ಜನ ಹೊರಗೆ ನಿಂತು ಕಿಟಕಿಯಿಂದ ನೋಡಿದರು. 1974ರಲ್ಲಿ ನ್ಯೂಯಾರ್ಕ್‌ನ ಗ್ಯಾಲರಿಯೊಂದರಲ್ಲಿ ಕಯೋಟಿ ಎಂಬ ಕಾಡುಪ್ರಾಣಿಯ ಜೊತೆ ದಿನಗಟ್ಟಲೆ ಒಂದೇ ಕೋಣೆಯಲ್ಲಿ ಕಳೆದರು. ಪ್ರಾಣಿಗಳೂ ಈ ಮಾತುಕತೆಯಲ್ಲಿ ಪಾಲುದಾರರು ಅನ್ನುವುದು ಅವರ ನಿಲುವು.

"ಪ್ರತಿಯೊಬ್ಬ ಮನುಷ್ಯನೂ ಕಲಾವಿದ" ಅಂದರಂತೆ. ಏನರ್ಥ?

ಎಲ್ಲರೂ ಚಿತ್ರ ಬರೆಯಬಲ್ಲರು ಅಂತ ಅಲ್ಲ. ಶುಶ್ರೂಷಕಿ, ರೈತ, ಕಸ ಗುಡಿಸುವವರು, ಮೇಷ್ಟ್ರು, ಯಾರೇ ಆಗಲಿ, ತಮ್ಮ ಕೆಲಸದ ಮೂಲಕ ಸಮಾಜಕ್ಕೆ ಆಕಾರ ಕೊಡುತ್ತಿರುತ್ತಾರೆ. ಶಿಲ್ಪಿ ಮಣ್ಣಿಗೆ ಆಕಾರ ಕೊಡುವಂತೆ ಜನ ಸೇರಿ ಸಮಾಜಕ್ಕೆ ಆಕಾರ ಕೊಡಬಹುದು ಅನ್ನುವುದು ಬಾಯ್ಸ್ ವಿಚಾರ. ಇದಕ್ಕೆ ಅವರು ಸಾಮಾಜಿಕ ಶಿಲ್ಪ ಅಂತ ಹೆಸರಿಟ್ಟರು. ಈ ಯೋಚನೆಗೆ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಬರಹಗಳ ಪ್ರಭಾವ ಇದೆ. ಭಾಷಣದಲ್ಲಿ ಕೇಳಿದಾಗ ಇದು ಬರೀ ಮಾತಿನಂತೆ ಅನಿಸಬಹುದು. ಕಾಸೆಲ್‌ನಲ್ಲಿ ಅದಕ್ಕೆ ಬೇರು ಬಂತು.

ಪರಿಸರದ ಕೆಲಸಗಳು ಯಾವಾಗ ಶುರುವಾದವು?

1971 ಮುಖ್ಯ ವರ್ಷ. ಆ ಬೇಸಿಗೆಯಲ್ಲಿ ನೆದರ್ಲೆಂಡ್ಸ್‌ನ ಜೌಗು ನೆಲವೊಂದರಲ್ಲಿ ಬಾಯ್ಸ್ ನಡೆದು, ಓಡಿ, ಕೊನೆಗೆ ಕೆಸರಿನಲ್ಲಿ ಟೋಪಿ ಮಾತ್ರ ಕಾಣುವಷ್ಟು ಮುಳುಗಿದರು. ಆಗ ಯುರೋಪಿನಲ್ಲಿ ಜೌಗು ಅಂದರೆ ಕೆಲಸಕ್ಕೆ ಬಾರದ ಜಾಗ. ನೀರು ಬಸಿದು ಹೊಲ ಮಾಡುವುದೇ ಅಭಿವೃದ್ಧಿ. ಬಾಯ್ಸ್ ಮಾತ್ರ ಈ ನೆಲದಲ್ಲೇ ಜೀವ ಜಾಸ್ತಿ ಅಂದರು. ಗಿಡ, ಹಕ್ಕಿ, ಹುಳ, ನೀರು, ಹಳೆಯ ಕಾಲದ ನೆನಪು ಎಲ್ಲ ಇಲ್ಲೇ ಉಳಿದಿವೆ ಅನ್ನುವುದು ಅವರ ವಾದ.

ಅದೇ ಡಿಸೆಂಬರ್‌ನಲ್ಲಿ ಡಸೆಲ್ಡಾರ್ಫ್‌ನ ಗ್ರಾಫೆನ್‌ಬರ್ಗ್ ಕಾಡಿಗೆ ಹೋದರು. ಟೆನ್ನಿಸ್ ಕ್ಲಬ್ಬೊಂದರ ಅಂಕಣ ದೊಡ್ಡದು ಮಾಡಲು ಅಲ್ಲಿನ ಮರ ಕಡಿಯುವ ಯೋಜನೆ ಇತ್ತು. ಬಾಯ್ಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಬರ್ಚ್ ಕಡ್ಡಿಯ ಪೊರಕೆ ಹಿಡಿದು ಕಾಡಿನ ನೆಲ ಗುಡಿಸಿದರು. ಕೊಡಲಿಗೆ ಬಲಿಯಾಗಬೇಕಿದ್ದ ಮರಗಳಿಗೆ ಬಿಳಿ ಬಣ್ಣದ ಗುರುತು ಹಾಕಿದರು. ಈ ಗುಡಿಸುವ ಚಿತ್ರ ನನಗೆ ಬಹಳ ಇಷ್ಟ. ಮನೆ ಅಂಗಳದಂತೆ ಕಾಡನ್ನು ಗುಡಿಸುವುದರಲ್ಲಿ ಇದು ನಮ್ಮದು, ಇದನ್ನು ನೋಡಿಕೊಳ್ಳುವವರು ನಾವೇ ಅನ್ನುವ ಹಕ್ಕಿನ ಮಾತಿದೆ.

ಅಕಾಡೆಮಿ ಕೆಲಸದಿಂದ ತೆಗೆದದ್ದು ಯಾಕೆ?

ತಮ್ಮ ತರಗತಿಗೆ ಸೇರಲು ಬಂದ ಯಾರನ್ನೂ ವಾಪಸ್ ಕಳಿಸಬಾರದು ಅನ್ನುವುದು ಬಾಯ್ಸ್ ಹಟ. ಅಕಾಡೆಮಿ ಒಪ್ಪಲಿಲ್ಲ. 1972ರ ಅಕ್ಟೋಬರ್‌ನಲ್ಲಿ, ಸೀಟು ಸಿಗದ ವಿದ್ಯಾರ್ಥಿಗಳ ಜೊತೆ ಅಕಾಡೆಮಿಯ ಕಚೇರಿಯಲ್ಲೇ ಕೂತುಬಿಟ್ಟರು. ಆಗ ರಾಜ್ಯದ ಸಚಿವರಾಗಿದ್ದವರು ಯೊಹಾನೆಸ್ ರಾವ್. ಇವರೇ ಮುಂದೆ ಜರ್ಮನಿಯ ರಾಷ್ಟ್ರಪತಿ ಆದರು. ಅವರು ಬಾಯ್ಸ್‌ರನ್ನು ವಜಾ ಮಾಡಿದರು. ಕೋರ್ಟಿನ ಕೇಸು ವರ್ಷಗಟ್ಟಲೆ ಎಳೆಯಿತು. 1978ರಲ್ಲಿ ವಜಾ ಮಾಡಿದ್ದು ಕಾನೂನಿಗೆ ವಿರುದ್ಧ ಅಂತ ತೀರ್ಪು ಬಂತು. ಅಷ್ಟರಲ್ಲಿ ಬಾಯ್ಸ್, ಲೇಖಕ ಹೈನ್ರಿಶ್ ಬೋಲ್ ಮತ್ತಿತರರ ಜೊತೆ ಸೇರಿ ಸ್ವತಂತ್ರ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಎಂಬ ಸಂಸ್ಥೆ ಕಟ್ಟಿಯಾಗಿತ್ತು. ಮುಂದೆ ಮರಗಳ ಕೆಲಸದ ಕಚೇರಿ ನಡೆಸಿದ್ದು ಇದೇ ಸಂಸ್ಥೆ.

ಗ್ರೀನ್ ಪಕ್ಷದ ಜೊತೆ ಸಂಬಂಧ ಏನು?

ಪಕ್ಷ ಕಟ್ಟಿದವರ ಗುಂಪಿನಲ್ಲಿ ಅವರೂ ಒಬ್ಬರು. 1979ರ ಯುರೋಪಿಯನ್ ಸಂಸತ್ ಚುನಾವಣೆಗೆ ಪೆಟ್ರಾ ಕೆಲ್ಲಿ ಮುಂತಾದವರ ಜೊತೆ ಗ್ರೀನ್ ಪಟ್ಟಿಯಿಂದ ನಿಂತಿದ್ದರು. ಗೆಲ್ಲಲಿಲ್ಲ. 1980ರ ಜನವರಿಯಲ್ಲಿ ಕಾರ್ಲ್ಸ್‌ರೂ ಊರಲ್ಲಿ ಪಕ್ಷ ಅಧಿಕೃತವಾಗಿ ಹುಟ್ಟಿತು. 1982ರಲ್ಲಿ ಅಣ್ವಸ್ತ್ರದ ವಿರುದ್ಧ ಒಂದು ಪಾಪ್ ಹಾಡನ್ನೂ ಹಾಡಿದರು. 1983ರ ಚುನಾವಣೆ ಹೊತ್ತಿಗೆ ಪಕ್ಷಕ್ಕೂ ಅವರಿಗೂ ದೂರವಾಗಿತ್ತು. ಸಂಸತ್ತಿಗೆ ಅವರು ಹೋಗಲೇ ಇಲ್ಲ.

"7000 ಓಕ್ ಮರಗಳು" ಅಂದರೆ ಏನು?

ಕಾಸೆಲ್‌ನಲ್ಲಿ ಡೊಕುಮೆಂಟಾ ಅನ್ನುವ ದೊಡ್ಡ ಕಲಾಪ್ರದರ್ಶನ ನಡೆಯುತ್ತದೆ. ಈಗ ಐದು ವರ್ಷಕ್ಕೊಮ್ಮೆ, ನೂರು ದಿನ. 1982ರಲ್ಲಿ ಏಳನೇ ಡೊಕುಮೆಂಟಾ. ಅದಕ್ಕೆ ಬಾಯ್ಸ್ ಕಳಿಸಿದ್ದು ಗೋಡೆಗೆ ಹಾಕುವ ಚಿತ್ರವನ್ನಲ್ಲ. ಊರಿನೊಳಗೆ ಏಳು ಸಾವಿರ ಮರ ನೆಡಬೇಕು, ಪ್ರತಿ ಮರದ ಪಕ್ಕ ಒಂದು ಬಸಾಲ್ಟ್ ಕಲ್ಲಿನ ಕಂಬ ನಿಲ್ಲಿಸಬೇಕು ಅನ್ನುವ ಯೋಜನೆ.

ಮೊದಲು ಏಳು ಸಾವಿರ ಕಲ್ಲು ತಂದು ಊರ ನಡುವಿನ ಫ್ರೀಡ್ರಿಶ್ ಚೌಕದಲ್ಲಿ, ಫ್ರಿಡೆರಿಶಿಯಾನುಮ್ ಮ್ಯೂಸಿಯಂ ಎದುರು ರಾಶಿ ಹಾಕಿದರು. ರಾಶಿಯ ಆಕಾರ ಬೆಣೆಯಂತೆ. ಅದರ ತುದಿಯಲ್ಲಿ 1982ರ ಮಾರ್ಚ್ 16ರಂದು ಬಾಯ್ಸ್ ಮೊದಲ ಓಕ್ ಸಸಿ ನೆಟ್ಟರು. ವಿಮಾನ ಬಿದ್ದು ಆ ದಿನಕ್ಕೆ ಸರಿಯಾಗಿ 38 ವರ್ಷ.

ನಿಯಮ ಒಂದೇ. ಒಂದು ಮರ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲು ತೆಗೆಯಬಹುದು. ಹಾಗಾಗಿ ಎಷ್ಟು ಕೆಲಸ ಬಾಕಿ ಇದೆ ಅನ್ನುವುದು ಊರಿನ ಎಲ್ಲರ ಕಣ್ಣೆದುರು ಬಿದ್ದಿರುತ್ತಿತ್ತು. ಮ್ಯೂಸಿಯಂ ಮುಂದಿನ ಚೆಂದದ ಚೌಕ ಮತ್ತೆ ಖಾಲಿಯಾಗಬೇಕಾ? ಹಾಗಾದರೆ ಮರ ನೆಡಿ. ಇದಕ್ಕಿಂತ ಜಾಣ ಒತ್ತಡವನ್ನು ನಾನು ಯಾವ ಕಲಾಕೃತಿಯಲ್ಲೂ ಕಂಡಿಲ್ಲ.

ಎಲ್ಲಿ ನೆಡಬೇಕು ಅಂತ ಬಾಯ್ಸ್ ಒಬ್ಬರೇ ಕೂತು ನಕ್ಷೆ ಬರೆಯಲಿಲ್ಲ. ಬಡಾವಣೆಯ ಜನ, ಶಾಲೆ, ಶಿಶುವಿಹಾರ, ಸಂಘಗಳು ಜಾಗ ಸೂಚಿಸಿದವು. ಆಮೇಲೆ ನಿಜವಾದ ಕಷ್ಟ. ನೆಲದಡಿ ಗ್ಯಾಸ್ ಪೈಪು, ನೀರಿನ ಪೈಪು, ಕೇಬಲ್ಲು. ಮೇಲೆ ಕಾರು ನಿಲ್ಲಿಸುವ ಜಾಗ. ಪಾಲಿಕೆಯ ಒಪ್ಪಿಗೆ, ಮನೆ ಮಾಲೀಕರ ಒಪ್ಪಿಗೆ. ಟಾರು, ಕಲ್ಲುಹಾಸು ಒಡೆದು ಮಣ್ಣು ಕಾಣುವಂತೆ ಮಾಡಬೇಕು. ಸಸಿಗೆ ಆಸರೆ ಕಟ್ಟಬೇಕು. ಮೊದಲ ವರ್ಷಗಳಲ್ಲಿ ನೀರು ಹಾಕಬೇಕು. ಒಂದೊಂದು ಮರಕ್ಕೂ ಮಾತುಕತೆ. ಬಾಯ್ಸ್ ದೃಷ್ಟಿಯಲ್ಲಿ ಈ ಮಾತುಕತೆಯೂ ಶಿಲ್ಪದ ಭಾಗವೇ.

ಕಾಸೆಲ್‌ನಲ್ಲೇ ಯಾಕೆ?

ಡೊಕುಮೆಂಟಾ ಅಲ್ಲಿ ನಡೆಯುತ್ತದೆ ಅನ್ನುವುದು ನೇರ ಉತ್ತರ. ಅದರ ಹಿಂದೆ ಊರಿನ ಚರಿತ್ರೆ ಇದೆ. ಕಾಸೆಲ್‌ನಲ್ಲಿ ಯುದ್ಧಕಾಲದಲ್ಲಿ ಹೆನ್ಶೆಲ್ ಕಾರ್ಖಾನೆ ಟ್ಯಾಂಕು ತಯಾರಿಸುತ್ತಿತ್ತು. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬು ಸುರಿದವು. ಸುಮಾರು ಹತ್ತು ಸಾವಿರ ಜನ ಸತ್ತರು, ಹಳೆಯ ಊರು ಸುಟ್ಟುಹೋಯಿತು. ಯುದ್ಧದ ನಂತರ ಊರನ್ನು ಕಾರುಗಳಿಗೆ ಅನುಕೂಲವಾಗುವಂತೆ ಅಗಲ ರಸ್ತೆ, ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. 1955ರಲ್ಲಿ ಆರ್ನೋಲ್ಡ್ ಬೋಡೆ ಮೊದಲ ಡೊಕುಮೆಂಟಾ ನಡೆಸಿದ್ದು ಈ ಪಾಳುಬಿದ್ದ ಊರಲ್ಲೇ. ಬಾಯ್ಸ್ 1964ರಿಂದ ಅದರಲ್ಲಿ ಭಾಗವಹಿಸುತ್ತಾ ಬಂದಿದ್ದರು. ಊರು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರದ ಪಕ್ಕ ಕಲ್ಲು ಯಾಕೆ? ಮರ ಸಾಲದಾ?

ಈ ಪ್ರಶ್ನೆಯನ್ನು ಜನ ಹಗುರವಾಗಿ ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಕೃತಿಯ ಗುಟ್ಟು ಇಲ್ಲೇ ಇದೆ.

ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಉದ್ದುದ್ದ ಬಿರುಕು ಬಿಡುತ್ತದೆ. ಹಾಗೆ ಐದಾರು ಮುಖದ ಕಂಬಗಳು ತಾವಾಗಿಯೇ ಆಗುತ್ತವೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಂಬಗಳನ್ನು ನೋಡಿದವರಿಗೆ ಈ ಆಕಾರ ಪರಿಚಯ ಇದ್ದೇ ಇರುತ್ತದೆ. ಕಾಸೆಲ್ ಸುತ್ತಲಿನ ಗುಡ್ಡಗಳಲ್ಲೂ ಇಂಥ ಕಂಬಗಳಿವೆ, ಅಲ್ಲಿ ಲಾವಾ ಆರಿ ಆದ ಕಲ್ಲು ಬಸಾಲ್ಟ್. ಕಲ್ಲುಗಳು ಬಂದದ್ದು ಹತ್ತಿರದ ಕ್ವಾರಿಯಿಂದಲೇ. ಯಾರೂ ಉಳಿ ಹಿಡಿದು ಕೆತ್ತಿದವಲ್ಲ.

ಕಲ್ಲು ನೆಲದ ಮೇಲೆ ಸುಮಾರು ನಾಲ್ಕು ಅಡಿ ಕಾಣುತ್ತದೆ. ನೆಟ್ಟ ದಿನ ಸಸಿ ತೆಳ್ಳಗಿನ ಕೋಲು, ಕಲ್ಲೇ ದಪ್ಪ, ಕಲ್ಲೇ ಜೋರು. ವರ್ಷ ಕಳೆದಂತೆ ಮರ ಕಲ್ಲಿಗೆ ಸಮ ಆಗುತ್ತದೆ. ಆಮೇಲೆ ಅದನ್ನು ಮೀರುತ್ತದೆ. ಕಲ್ಲು ಇದ್ದಷ್ಟೇ ಇರುತ್ತದೆ. ಇವೆರಡರ ನಡುವಿನ ಅಳತೆ ಯಾವ ಎರಡು ವರ್ಷವೂ ಒಂದೇ ಆಗಿರುವುದಿಲ್ಲ. ಕಲ್ಲಿಲ್ಲದಿದ್ದರೆ ಇದು ಬರೀ ರಸ್ತೆ ಬದಿ ಮರ. ಕಲ್ಲು ಇರುವುದರಿಂದ ಕಾಲ ಕಣ್ಣಿಗೆ ಕಾಣುತ್ತದೆ. ದಾರಿಹೋಕರಿಗೆ ಇದು ಯಾರೋ ಯೋಚಿಸಿ ನೆಟ್ಟ ಮರ ಅನ್ನುವುದೂ ಗೊತ್ತಾಗುತ್ತದೆ.

ಹಣ ಎಲ್ಲಿಂದ ಬಂತು?

ಕಲ್ಲು, ಮರ, ನೆಡುವ ಖರ್ಚು ಸೇರಿ ಒಂದಕ್ಕೆ 500 ಜರ್ಮನ್ ಮಾರ್ಕ್ ಅಂತ ಲೆಕ್ಕ ಹಾಕಿದರು. ಏಳು ಸಾವಿರಕ್ಕೆ 35 ಲಕ್ಷ ಮಾರ್ಕ್. ಶುರುವಿಗೆ ಬೇಕಾದ ದುಡ್ಡು ಕೊಟ್ಟದ್ದು ನ್ಯೂಯಾರ್ಕ್‌ನ ಡಿಯಾ ಆರ್ಟ್ ಫೌಂಡೇಷನ್. 500 ಮಾರ್ಕ್ ಕೊಟ್ಟವರಿಗೆ ಮರದ ಹೆಸರಲ್ಲಿ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಅಷ್ಟರಿಂದಲೇ ಸಾಕಾಗಲಿಲ್ಲ. ಕಲಾವಿದ ಗೆಳೆಯರು ತಮ್ಮ ಕೃತಿಗಳನ್ನು ಕೊಟ್ಟರು. ಬಾಯ್ಸ್ ಜಪಾನಿನ ನಿಕ್ಕಾ ವಿಸ್ಕಿ ಜಾಹೀರಾತಿನಲ್ಲೂ ಕಾಣಿಸಿಕೊಂಡರು. ಆ ದುಡ್ಡೂ ಮರಗಳಿಗೆ ಹೋಯಿತು.

ಎಲ್ಲಕ್ಕಿಂತ ಗದ್ದಲ ಎಬ್ಬಿಸಿದ್ದು ಕಿರೀಟದ ಪ್ರಸಂಗ. ರಷ್ಯಾದ ದೊರೆ ಭಯಂಕರ ಇವಾನ್‌ನ ಕಿರೀಟದ ಚಿನ್ನದ ನಕಲೊಂದು ಡಸೆಲ್ಡಾರ್ಫ್‌ನ ಹೋಟೆಲ್ ಮಾಲೀಕರೊಬ್ಬರ ಬಳಿ ಇತ್ತು. ಅದು ಬಾಯ್ಸ್ ಕೈಗೆ ಬಂತು. 1982ರ ಜೂನ್ 30ರಂದು ಫ್ರೀಡ್ರಿಶ್ ಚೌಕದಲ್ಲಿ, ಜನರ ಕೂಗಾಟದ ನಡುವೆ, ಅದನ್ನು ಕರಗಿಸಿ ಅಚ್ಚಿಗೆ ಹೊಯ್ದರು. ಹೊರಬಂದದ್ದು ಒಂದು ಚಿನ್ನದ ಮೊಲ, ಜೊತೆಗೆ ಒಂದು ಸಣ್ಣ ಸೂರ್ಯ. ಕ್ರೌರ್ಯಕ್ಕೆ ಹೆಸರಾದ ದೊರೆಯ ಕಿರೀಟ ಶಾಂತಿಯ ಮೊಲವಾಯಿತು. ಸಂಗ್ರಾಹಕರೊಬ್ಬರು 7,77,000 ಮಾರ್ಕ್ ಕೊಟ್ಟು ಕೊಂಡರು. ಮೊಲ ಈಗ ಸ್ಟುಟ್‌ಗಾರ್ಟ್‌ನ ಸ್ಟಾಟ್ಸ್‌ಗ್ಯಾಲರಿಯಲ್ಲಿದೆ.

ಊರಿನ ಜನ ಒಪ್ಪಿದರಾ?

ಎಲ್ಲರೂ ಇಲ್ಲ. ಮೊದಲಿಗೆ ಸಿಟ್ಟೇ ಜಾಸ್ತಿ. ಊರ ನಡುವೆ ಕಲ್ಲಿನ ರಾಶಿ ಕಂಡು ಬೇಸರಪಟ್ಟವರಿದ್ದರು. ಕಾರು ನಿಲ್ಲಿಸುವ ಜಾಗ ಹೋಯಿತು ಅಂದವರಿದ್ದರು. ಈ ದೂರುಗಳನ್ನು ತಳ್ಳಿಹಾಕಬಾರದು. ದಿನಾ ಆ ಬೀದಿಯಲ್ಲಿ ಓಡಾಡುವವರು ಅವರು. ಆದರೆ ರಾಶಿ ಕರಗುತ್ತಾ ಬಂದಂತೆ, ಬೀದಿಗಳಲ್ಲಿ ನೆರಳು ಬರುತ್ತಾ ಹೋದಂತೆ ಜನರ ಮನಸ್ಸೂ ಬದಲಾಯಿತು.

ಎಲ್ಲವೂ ಓಕ್ ಮರಗಳೇನಾ?

ಅಲ್ಲ. ಓಕ್ ಮರಗಳೇ ಅರ್ಧಕ್ಕಿಂತ ಜಾಸ್ತಿ. ಜೊತೆಗೆ ಮೇಪಲ್, ಲಿಂಡೆನ್, ಆಶ್, ಪ್ಲೇನ್, ಚೆಸ್ಟ್‌ನಟ್ ಇವೆ. ಜಾಗ, ಮಣ್ಣು ನೋಡಿ ಆರಿಸಿದರು. ಓಕ್ ಮುಖ್ಯವಾದದ್ದಕ್ಕೆ ಕಾರಣ ಅದು ನಿಧಾನ ಬೆಳೆಯುತ್ತದೆ, ತಿರುಳು ಗಟ್ಟಿ, ಶತಮಾನಗಟ್ಟಲೆ ಬಾಳುತ್ತದೆ.

ಬಾಯ್ಸ್ ಕೈಬಿಟ್ಟ ಅಥವಾ ಸೋತ ಪರಿಸರ ಕೆಲಸ ಇದೆಯಾ?

ಹಾಂಬುರ್ಗ್ ಯೋಜನೆ. ಅದರ ಬಗ್ಗೆ ಓದುವಾಗ ಈಗಲೂ ಸಂಕಟವಾಗುತ್ತದೆ. ಹಾಂಬುರ್ಗ್ ಬಂದರು ದೊಡ್ಡದು ಮಾಡಲು ಆಲ್ಟನ್‌ವೆರ್ಡರ್ ಹಳ್ಳಿಯನ್ನು ಎತ್ತಂಗಡಿ ಮಾಡಿದ್ದರು. ಬಂದರಿನ ತಳದಿಂದ ತೆಗೆದ ವಿಷ ಬೆರೆತ ಹೂಳನ್ನು ಅಲ್ಲಿನ ನೆಲದ ಮೇಲೆ ಸುರಿಯುತ್ತಿದ್ದರು. ಕಲೆಗೆ ಅಂತ ನಗರ ಇಟ್ಟ ಹಣದಲ್ಲಿ ಆ ನೆಲದಲ್ಲಿ ಗಿಡಮರ ಬೆಳೆಸೋಣ, ಬೇರುಗಳು ವಿಷವನ್ನು ಹಿಡಿದಿಡಲಿ, ಅಂತರ್ಜಲಕ್ಕೆ ಇಳಿಯದಿರಲಿ ಅಂತ ಬಾಯ್ಸ್ ಸೂಚಿಸಿದರು. ಜೊತೆಗೆ ಜನ ಸೇರಿ ಮಾತಾಡಲು ಒಂದು ಕಚೇರಿ. 1984ರಲ್ಲಿ ನಗರಾಡಳಿತ ಇದು ಕಲೆ ಅಲ್ಲ ಅಂತ ತಳ್ಳಿಹಾಕಿತು. ಗಿಡಗಳಿಂದ ಕೆಟ್ಟ ನೆಲವನ್ನು ಸರಿಮಾಡುವ ವಿಧಾನ ಈಗ ಎಷ್ಟೋ ಕಡೆ ಬಳಕೆಯಲ್ಲಿದೆ. ಬಾಯ್ಸ್ ಆಗಲೇ ಹೇಳಿದ್ದರು.

ಅದೇ 1984ರಲ್ಲಿ ಇಟಲಿಯ ಬೊಲೊನ್ಯಾನೋ ಹಳ್ಳಿಯಲ್ಲಿ ಮತ್ತೊಂದು ನೆಡುತೋಪು ಶುರುಮಾಡಿದರು. ಅಲ್ಲಿಯೂ ಗುರಿ ಏಳು ಸಾವಿರವೇ, ಆದರೆ ಬೇರೆ ಬೇರೆ ಜಾತಿಯ ಗಿಡಗಳು.

ಏಳು ಸಾವಿರನೇ ಮರ ನೆಟ್ಟವರು ಯಾರು?

ಬಾಯ್ಸ್ ಅಲ್ಲ. 1986ರ ಜನವರಿಯಲ್ಲಿ ಅವರು ಹೃದಯ ನಿಂತು ತೀರಿಕೊಂಡಾಗ ಸುಮಾರು 5,500 ಮರ ಆಗಿದ್ದವು. ಅವರ ಬೂದಿಯನ್ನು ಉತ್ತರ ಸಮುದ್ರಕ್ಕೆ ಬಿಟ್ಟರು. ಉಳಿದ ಮರಗಳನ್ನು ಗೆಳೆಯರು, ಊರವರು ನೆಡುತ್ತಾ ಹೋದರು. 1987ರ ಜೂನ್ 12ರಂದು, ಎಂಟನೇ ಡೊಕುಮೆಂಟಾ ಶುರುವಾದ ದಿನ, ಮಗ ವೆಂಜೆಲ್ ಕೊನೆಯ ಮರವನ್ನು ಮೊದಲ ಮರದ ಪಕ್ಕದಲ್ಲೇ ನೆಟ್ಟರು. ಚೌಕದಲ್ಲಿ ಕಲ್ಲಿನ ರಾಶಿ ಇರಲಿಲ್ಲ.

ಅವರ ಮೇಲೆ ಇರುವ ಟೀಕೆಗಳೇನು?

ತಾತಾರರ ಕಥೆ ಮೇಲೆ ಹೇಳಿದೆ. ತಮ್ಮ ಸುತ್ತ ತಾವೇ ಗುರುವಿನ ಪ್ರಭಾವಳಿ ಕಟ್ಟಿಕೊಂಡರು ಅನ್ನುವುದು ಇನ್ನೊಂದು ಮಾತು. ನಾಜಿ ಕಾಲದ ಹಿನ್ನೆಲೆ ಇದ್ದ ಕೆಲವರ ಜೊತೆ ಒಡನಾಟ ಇಟ್ಟುಕೊಂಡಿದ್ದರು ಅಂತ 2013ರಲ್ಲಿ ಬಂದ ಜೀವನಚರಿತ್ರೆಯೊಂದು ಎತ್ತಿ ಹೇಳಿತು. ಆ ಮೇಲೆ ಜರ್ಮನಿಯಲ್ಲಿ ದೊಡ್ಡ ಚರ್ಚೆ ಆಯಿತು. 2021ರ ಜನ್ಮಶತಮಾನೋತ್ಸವದಲ್ಲೂ ಅದು ಮತ್ತೆ ಬಂತು. ಬರಲೇಬೇಕಾದ ಚರ್ಚೆ ಅದು. ಅಭಿಮಾನಿಗಳು ಅದನ್ನು ಬದಿಗೆ ಸರಿಸಬಾರದು. ಆದರೆ ಕಾಸೆಲ್‌ನ ಮರಗಳಿಗೆ ಬಾಯ್ಸ್‌ರ ಕಥೆ ಬೇಕಿಲ್ಲ. ಅವರ ಬೇರೆ ಕೃತಿಗಳಲ್ಲಿ ಟೋಪಿ ಹಾಕಿದ ಆ ಮನುಷ್ಯನೇ ನಡುವೆ ನಿಂತಿರುತ್ತಾರೆ. ಇಲ್ಲಿ ಅವರ ಹೆಸರೇ ಗೊತ್ತಿಲ್ಲದ ಮಗುವಿಗೂ ನೆರಳು ಸಿಗುತ್ತದೆ. ಇದೇ ಅವರ ದೊಡ್ಡ ಕೆಲಸ ಅಂತ ನಾನು ಹೇಳುವುದು ಅದಕ್ಕೇ.

ಮರ ನೆಡುವ ಕಾರ್ಯಕ್ರಮಗಳು ಎಲ್ಲ ಕಡೆ ಇವೆ. ಇದು ಮಾತ್ರ ಕಲೆ ಹೇಗೆ?

ಸುಮಾರು ಕಾರ್ಯಕ್ರಮಗಳಲ್ಲಿ ಗುಂಡಿ ತೋಡಿ, ಸಸಿ ಇಟ್ಟು, ಫೋಟೋ ತೆಗೆದರೆ ಮುಗಿಯಿತು. ಬಾಯ್ಸ್ ಯೋಜನೆಯಲ್ಲಿ ಸಸಿ ಇಡುವುದು ನಡುವಿನ ಹಂತ. ಅದಕ್ಕೆ ಮೊದಲು ನೆಲ ಯಾರದ್ದು, ಕಾರಿಗೋ ಮರಕ್ಕೋ ಅಂತ ಜನ ತೀರ್ಮಾನಿಸಬೇಕು. ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ತೀರ್ಮಾನಿಸಬೇಕು. ಒಂದು ಊರು ಐದು ವರ್ಷ, ಏಳು ಸಾವಿರ ಸಲ ಈ ತೀರ್ಮಾನ ಮಾಡಿತು. ಹೀಗೆ ಊರಿಗೇ ಹೊಸ ಆಕಾರ ಬಂತು. ಸಾಮಾಜಿಕ ಶಿಲ್ಪ ಅಂತ ಅವರು ಇಪ್ಪತ್ತು ವರ್ಷ ಭಾಷಣದಲ್ಲಿ ಹೇಳಿದ್ದು ಇದನ್ನೇ ಅಲ್ವಾ? ಇಲ್ಲಿ ಭಾಷಣ ಬೇಡವಾಯಿತು.

ಬೇರೆ ದೇಶಗಳಲ್ಲಿ ಇದು ಮುಂದುವರಿದಿದೆಯಾ?

ನ್ಯೂಯಾರ್ಕ್‌ನಲ್ಲಿ ಡಿಯಾ ಸಂಸ್ಥೆ 1988ರಲ್ಲಿ ಪಶ್ಚಿಮ 22ನೇ ಬೀದಿಯಲ್ಲಿ ಕಲ್ಲು ಮತ್ತು ಮರದ ಐದು ಜೋಡಿ ನಿಲ್ಲಿಸಿತು. 1996ರಲ್ಲಿ ಇನ್ನಷ್ಟು ಸೇರಿಸಿತು. ಬ್ರಿಟನ್ನಿನ ಕಲಾವಿದರಾದ ಹೆದರ್ ಆಕ್ರಾಯ್ಡ್ ಮತ್ತು ಡ್ಯಾನ್ ಹಾರ್ವೆ 2007ರಲ್ಲಿ ಕಾಸೆಲ್‌ಗೆ ಹೋಗಿ ಬಾಯ್ಸ್ ಮರಗಳ ಬೀಜ ಆರಿಸಿ ತಂದರು. ಬೀಜದಿಂದ ಸಸಿ ಮಾಡಿದರು. 2021ರಲ್ಲಿ ಅಂಥ ನೂರು ಎಳೆಯ ಮರಗಳು ಲಂಡನ್‌ನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಅಂಗಳದಲ್ಲಿ ನಿಂತಿದ್ದವು.

ಈಗ ಕಾಸೆಲ್‌ನ ಮರಗಳ ಸ್ಥಿತಿ ಹೇಗಿದೆ?

ಮರಗಳಿಗೆ ಪರಂಪರೆಯ ಸ್ಮಾರಕ ಅನ್ನುವ ರಕ್ಷಣೆ ಸಿಕ್ಕಿದೆ. ನೋಡಿಕೊಳ್ಳುವ ಹೊಣೆ ನಗರದ್ದು. ಜೊತೆಗೆ ಈ ಮರಗಳಿಗೇ ಅಂತ ಒಂದು ಪ್ರತಿಷ್ಠಾನ ಇದೆ. ರಸ್ತೆ ಕೆಲಸ, ಕಟ್ಟಡ, ಬರ, ರೋಗ ಬಂದಾಗ ಕೆಲವು ಮರ ಹೋಗುತ್ತವೆ. ಹೋದ ಜಾಗದಲ್ಲಿ ಬೇರೆ ನೆಡುತ್ತಾರೆ. ಕೆಲವು ಕಡೆ ಬೊಡ್ಡೆ ಉಬ್ಬಿ ಕಲ್ಲನ್ನು ಪಕ್ಕಕ್ಕೆ ವಾಲಿಸಿದೆ.

ಹೋಗಿ ನೋಡಬೇಕು ಅಂದರೆ?

ಟಿಕೆಟ್ ಇಲ್ಲ, ಬಾಗಿಲಿಲ್ಲ. ಫ್ರೀಡ್ರಿಶ್ ಚೌಕದಲ್ಲಿ ಮೊದಲ ಮರ ಮತ್ತು ಕೊನೆಯ ಮರ ಅಕ್ಕಪಕ್ಕ ಇವೆ. ಅಲ್ಲಿಂದ ಶುರುಮಾಡಿ. ಆಮೇಲೆ ಸುಮ್ನೆ ಬಡಾವಣೆಗಳ ಕಡೆ ನಡೆಯಿರಿ. ಪಕ್ಕದಲ್ಲಿ ಬಸಾಲ್ಟ್ ಕಂಬ ಇರುವ ಮರಗಳೆಲ್ಲ ಈ ಕೃತಿಯ ಭಾಗ. ಬೇಸಿಗೆಯಲ್ಲಿ ಹೋದರೆ ಎಲೆ ತುಂಬಿರುತ್ತದೆ. ಚಳಿಗಾಲದಲ್ಲಿ ಕಲ್ಲು ಚೆನ್ನಾಗಿ ಕಾಣುತ್ತದೆ. ಅದೇ ಊರಿನ ನೊಯೆ ಗ್ಯಾಲರಿಯಲ್ಲಿ ಬಾಯ್ಸ್‌ರ 1969ರ ಕೃತಿಯೂ ಇದೆ. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಹಿಂದಿನಿಂದ ಇಪ್ಪತ್ನಾಲ್ಕು ಜಾರುಬಂಡಿಗಳು ಹೊರಟಿವೆ, ಒಂದೊಂದರ ಮೇಲೂ ಫೆಲ್ಟ್, ಕೊಬ್ಬು, ಟಾರ್ಚು. ಅದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಮುಂದಿನ ಡೊಕುಮೆಂಟಾ 2027ರಲ್ಲಿ. ಆಗ ಊರಲ್ಲಿ ಜನಜಂಗುಳಿ ಇರುತ್ತದೆ. ಮರಗಳನ್ನಷ್ಟೇ ನೋಡುವವರು ಬೇರೆ ವರ್ಷ ಹೋಗುವುದು ಒಳ್ಳೆಯದು.